ಮುಲ್ತಾತುಲಿ: ಕಾಫಿ ಹರಾಜಿನ ಹೆಸರಲ್ಲಿ ಒಂದು ಸಾಮ್ರಾಜ್ಯದ ಲೆಕ್ಕ ಕೇಳಿದ ಡಚ್ ಲೇಖಕ

ಇಂಡೋನೇಷ್ಯಾದ ದೊಡ್ಡ ಕಾದಂಬರಿಕಾರ ಪ್ರಮುದ್ಯ ಅನಂತ ತೂರ್ 1999ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ಗೆ ಒಂದು ಲೇಖನ ಬರೆದ್ರು, ವಸಾಹತುಶಾಹಿಯನ್ನ ಕೊಂದ ಪುಸ್ತಕ ಅಂತ ಅದರ ತಲೆಬರಹ. ಅವರು ಹೇಳಿದ್ದು 1860ರಲ್ಲಿ ಆಮ್‌ಸ್ಟರ್‌ಡಾಮಲ್ಲಿ ಪ್ರಿಂಟಾದ 'ಮಾಕ್ಸ್ ಹಾವೆಲಾರ್' ಅನ್ನೋ ಡಚ್ ಕಾದಂಬರಿ ಬಗ್ಗೆ, ಬರೆದವನು ಎಡ್ವರ್ಡ್ ಡೌವೆಸ್ ಡೆಕ್ಕರ್, ಮುಲ್ತಾತುಲಿ ಅನ್ನೋದು ಅವನ ಕಾವ್ಯನಾಮ, ಬಹಳ ಸಹಿಸಿದವನು ಅಂತ ಲ್ಯಾಟಿನ್‌ನಲ್ಲಿ ಅರ್ಥ. ಆದ್ರೆ ಆ ಕಾದಂಬರಿನ ಕೊನೆ ಪುಟದ ತನಕ ಓದಿದ್ರೂ ಡಚ್ಚರು ತಾವು ಆಳ್ತಿದ್ದ ಜಾವಾ (ಈಗಿನ ಇಂಡೋನೇಷ್ಯಾದ ಒಂದು ದ್ವೀಪ) ಬಿಟ್ಟು ತೊಲಗಬೇಕು ಅಂತ ಒಂದು ಸಾಲೂ ಸಿಗಲ್ಲ, ಆತ ಕೇಳಿದ್ದು ನ್ಯಾಯವಾಗಿ ಆಳಿ ಅಂತ ಮಾತ್ರ. ವಸಾಹತುಶಾಹಿನ ಕೊಂದ ಪುಸ್ತಕ ಬರೆದವನು ವಸಾಹತುಶಾಹಿ ಬೇಡ ಅನ್ನಲೇ ಇಲ್ಲ. ಈ ಎರಡೂ ಒಟ್ಟಿಗೆ ಹೇಗೆ ನಿಜ ಆಗತ್ತೆ ಅನ್ನೋದು ಅರ್ಥ ಆದ್ರೆ ಈ ಮನುಷ್ಯನೂ ಅರ್ಥ ಆಗ್ತಾನೆ, ಆ ಕಾಲದ ಡಚ್ ಆಡಳಿತ ಹೇಗೆ ನಡೀತಿತ್ತು ಅನ್ನೋದೂ ಅರ್ಥ ಆಗತ್ತೆ.

ಡೆಕ್ಕರ್ ಹುಟ್ಟಿದ್ದು 1820ರ ಮಾರ್ಚ್ 2ಕ್ಕೆ, ಆಮ್‌ಸ್ಟರ್‌ಡಾಮಲ್ಲಿ. ಅಪ್ಪ ಹಡಗಿನ ಕ್ಯಾಪ್ಟನ್. ಹದಿನೆಂಟನೇ ವಯಸ್ಸಲ್ಲಿ ಅಪ್ಪನ ಹಡಗಲ್ಲೇ ಹೊರಟು 1839ರ ಜನವರಿಯಲ್ಲಿ ಬಟಾವಿಯಾಕ್ಕೆ, ಅಂದ್ರೆ ಈಗಿನ ಜಕಾರ್ತಾಕ್ಕೆ ಬಂದಿಳಿದ, ಅಲ್ಲಿ ಸರ್ಕಾರಿ ಲೆಕ್ಕಪತ್ರದ ಆಫೀಸಲ್ಲಿ ಗುಮಾಸ್ತೆ ಕೆಲಸ ಸಿಕ್ತು. ಆಮೇಲೆ ಸುಮಾತ್ರಾದ ಪಶ್ಚಿಮ ಕರಾವಳಿಯ ನತಾಲ್ ಅನ್ನೋ ಊರಲ್ಲಿ ಅಧಿಕಾರಿ ಆದ, ಅಲ್ಲಿ ಖಜಾನೆ ಲೆಕ್ಕದಲ್ಲಿ ಹಣ ಕಡಿಮೆ ಬಂದು, ಗವರ್ನರ್ ಆಗಿದ್ದ ಜನರಲ್ ಮಿಖೀಲ್ಸ್ ಜೊತೆ ಜಗಳ ಆಗಿ ಸಸ್ಪೆಂಡೂ ಆದ. 1846ರಲ್ಲಿ ಟೀನೆ ಅನ್ನೋ ಹುಡುಗಿನ ಮದುವೆಯಾದ, ಮತ್ತೆ ಕೆಲಸ, ಜಾವಾದಲ್ಲಿ, ಸುಲಾವೆಸಿಯ ಮೆನಾಡೋದಲ್ಲಿ, ಅಂಬೋನ್‌ನಲ್ಲಿ. 1852ರಲ್ಲಿ ರಜೆ ಮೇಲೆ ಯುರೋಪಿಗೆ ಹೋಗಿ ಜೂಜಾಡಿ ಸಾಲ ಮಾಡ್ಕೊಂಡು ವಾಪಸ್ ಬಂದ. ಬುದ್ಧಿವಂತ, ಮುಂಗೋಪಿ, ದುಡ್ಡು ಕೈಲಿ ನಿಲ್ಲದವನು, ಕಷ್ಟದಲ್ಲಿರೋರನ್ನ ಕಂಡ್ರೆ ಜೇಬಲ್ಲಿದ್ದಿದ್ದನ್ನ ಕೊಟ್ಟುಬಿಡೋನು. ಈ ಸ್ವಭಾವನ ನೆನಪಿಟ್ಟುಕೊಳ್ಳಿ, ಮುಂದೆ ಆತನ ವಿರೋಧಿಗಳು ಇದನ್ನೇ ಹಿಡ್ಕೊಂಡು ಜಗ್ಗಾಡ್ತಾರೆ.

ಈಗ ವ್ಯವಸ್ಥೆ ವಿಷಯಕ್ಕೆ ಬರೋಣ, ಅದು ಗೊತ್ತಾಗದೆ ಪುಸ್ತಕ ಗೊತ್ತಾಗಲ್ಲ. 1825ರಿಂದ 1830ರ ತನಕ ಜಾವಾದಲ್ಲಿ ರಾಜಕುಮಾರ ಡಿಪೊನೆಗೊರೊ ಡಚ್ಚರ ವಿರುದ್ಧ ದೊಡ್ಡ ಯುದ್ಧ ಮಾಡಿದ್ದ, ಅದನ್ನ ಹತ್ತಿಕ್ಕೋಕೆ ಡಚ್ ಸರ್ಕಾರ ಸಿಕ್ಕಾಪಟ್ಟೆ ಖರ್ಚು ಮಾಡ್ತು, ಅದು ಮುಗಿಯೋ ಹೊತ್ತಿಗೆ 1830ರಲ್ಲಿ ಬೆಲ್ಜಿಯಂ ಬೇರೆ ದಂಗೆ ಎದ್ದು ನೆದರ್ಲೆಂಡ್ಸಿಂದ ಬೇರೆಯಾಯ್ತು. ಖಜಾನೆ ಖಾಲಿ. ಆಗ ಗವರ್ನರ್ ಜನರಲ್ ಆಗಿ ಬಂದ ಯೊಹಾನೆಸ್ ವಾನ್ ಡೆನ್ ಬಾಸ್ ಒಂದು ಪದ್ಧತಿ ತಂದ, ಡಚ್‌ನಲ್ಲಿ ಕಲ್ಟೂರ್‌ಸ್ಟೆಲ್ಸೆಲ್ ಅಂತಾರೆ, ನಾವು ಕಡ್ಡಾಯ ಬೆಳೆ ಪದ್ಧತಿ ಅನ್ನಬಹುದು. ಕಾಗದದ ಮೇಲೆ ಅದು ಹೀಗಿತ್ತು: ಹಳ್ಳಿಯವರು ಭೂಕಂದಾಯ ಕಟ್ಟೋ ಬದಲು ಐದರಲ್ಲಿ ಒಂದು ಪಾಲು ಜಮೀನಲ್ಲಿ ಸರ್ಕಾರ ಹೇಳಿದ ರಫ್ತಿನ ಬೆಳೆ ಬೆಳೀಬೇಕು, ಕಬ್ಬು, ಬಣ್ಣ ತೆಗೆಯೋ ನೀಲಿ ಗಿಡ, ಕಾಫಿ ಹೀಗೆ. ಜಮೀನಿಲ್ಲದವರು ವರ್ಷಕ್ಕೆ 66 ದಿನ ಸರ್ಕಾರಿ ತೋಟದಲ್ಲಿ ದುಡೀಬೇಕು. ಬೆಳೆಗೆ ಸರ್ಕಾರ ತಾನೇ ನಿಗದಿ ಮಾಡಿದ ಕೂಲಿ ಕೊಡತ್ತೆ, ರೈತನ ತಪ್ಪಿಲ್ಲದೆ ಬೆಳೆ ಹೋದ್ರೆ ನಷ್ಟ ಸರ್ಕಾರದ್ದು.

ನಡೆದಿದ್ದೇ ಬೇರೆ. ಐದರಲ್ಲಿ ಒಂದು ಅನ್ನೋದು ಎಷ್ಟೋ ಕಡೆ ಮೂರರಲ್ಲಿ ಒಂದು, ಅರ್ಧ ಆಯ್ತು, ಒಳ್ಳೆ ನೀರಾವರಿ ಗದ್ದೆಗಳೇ ಕಬ್ಬಿಗೂ ನೀಲಿಗೂ ಹೋದ್ವು, 66 ದಿನದ ಲೆಕ್ಕ ಯಾರೂ ಇಡಲಿಲ್ಲ. ಯಾಕೆ ಹೀಗಾಯ್ತು ಅಂದ್ರೆ, ಬೆಳೆ ಎಷ್ಟು ಜಾಸ್ತಿ ಬಂದ್ರೆ ಅಷ್ಟು ಜಾಸ್ತಿ ಕಮಿಷನ್ ಸಿಗೋ ಹಾಗೆ ಮಾಡಿದ್ರು. ಡಚ್ ಅಧಿಕಾರಿಗೂ ಪರ್ಸೆಂಟೇಜು, ಜಾವಾದ ಸ್ಥಳೀಯ ದೊರೆಗೂ ಪರ್ಸೆಂಟೇಜು. ರೈತನಿಗೆ ಎಷ್ಟು ಹಿಂಸೆ ಆಗ್ತಿದೆ ಅಂತ ವರದಿ ಬರೀಬೇಕಾದವನ ಸಂಬಳವೇ ಆ ಹಿಂಸೆಯಿಂದ ಹೆಚ್ಚಾಗ್ತಿತ್ತು ಅಂದ ಮೇಲೆ ವರದಿ ಹೇಗಿರತ್ತೆ ಹೇಳಿ.

ಇನ್ನೊಂದು ವಿಷಯ, ಬಹಳ ಮುಖ್ಯ. ಡಚ್ಚರು ಜಾವಾನ ನೇರವಾಗಿ ಆಳ್ತಿರಲಿಲ್ಲ. ಪ್ರತಿ ಪ್ರಾಂತ್ಯಕ್ಕೂ ಒಬ್ಬ ಡಚ್ ರೆಸಿಡೆಂಟ್, ನಮ್ಮ ಕಡೆಯ ಕಲೆಕ್ಟರ್ ಅಂದ್ಕೊಳ್ಳಿ, ಅವನ ಕೈಕೆಳಗೆ ಅಸಿಸ್ಟೆಂಟ್ ರೆಸಿಡೆಂಟ್. ಅದರ ಪಕ್ಕದಲ್ಲೇ ಹಳೇ ಪಾಳೇಗಾರ ಮನೆತನದ ಒಬ್ಬ ಜಾವಾ ದೊರೆ, ಅವನನ್ನ ರೀಜೆಂಟ್ ಅಂತಿದ್ರು, ಸ್ಥಳೀಯ ಭಾಷೇಲಿ ಬುಪಾತಿ. ಡಚ್ ಅಧಿಕಾರಿ ಈ ರೀಜೆಂಟನ್ನ ತಮ್ಮನ ಥರ ನೋಡ್ಕೋಬೇಕು ಅನ್ನೋದು ಆಗಿನ ರೂಢಿಯ ಮಾತು. ಜನರಿಗೆ ಕಾಣೋದು ರೀಜೆಂಟು, ಆತ ಕರೆದ್ರೆ ಹೋಗಬೇಕು, ಬಿಟ್ಟಿ ಚಾಕರಿ ಮಾಡಬೇಕು, ಆತನ ಕಡೆಯವರು ಕೊಟ್ಟಿಗೆಯಿಂದ ಎಮ್ಮೆ ಹೊಡ್ಕೊಂಡು ಹೋದ್ರೆ ಸುಮ್ಮನಿರಬೇಕು. ಡಚ್ಚರಿಗೆ ಇದೆಲ್ಲ ಗೊತ್ತಿತ್ತು. ಆದ್ರೆ ಆ ರೀಜೆಂಟ್ ಇಲ್ಲದೆ ಕೆಲವೇ ಸಾವಿರ ಬಿಳಿಯರು ಅಷ್ಟು ದೊಡ್ಡ ದ್ವೀಪದಿಂದ ಕಾಫಿ ಸಕ್ಕರೆ ಹೊರಡಿಸೋಕೆ ಆಗ್ತಿರಲಿಲ್ಲ, ಹಾಗಾಗಿ ಕಣ್ಣು ಮುಚ್ಕೊಂಡಿದ್ರು. ಕ್ರೌರ್ಯದ ಕೈ ಸ್ಥಳೀಯನದು, ಲಾಭದ ಕೈ ಡಚ್ಚನದು, ಕಡತದಲ್ಲಿ ಮಾತ್ರ ಎಲ್ಲ ಸುಭಿಕ್ಷ.

ಇಲ್ಲಿ ಕಾಫಿ ಬಗ್ಗೆ ನಮಗೆ ಸಂಬಂಧಪಟ್ಟ ಒಂದು ಮಾತು ಹೇಳಲೇಬೇಕು. ಜಾವಾಕ್ಕೆ ಕಾಫಿ ಗಿಡ ಹೋಗಿದ್ದು ನಮ್ಮ ಪಶ್ಚಿಮ ಕರಾವಳಿಯ ಮಲಬಾರ್‌ನಿಂದ. 1690ರ ದಶಕದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಅಲ್ಲಿಂದ ಸಸಿ ಕಳಿಸಿದ್ರು, ಮೊದಲ ಸಲ ಕಳಿಸಿದ್ದು ಪ್ರವಾಹದಲ್ಲಿ ಹಾಳಾಯ್ತು, ಎರಡನೇ ಸಲದ್ದು ಬೇರು ಹಿಡೀತು. ಆ ಮಲಬಾರಿನ ಗಿಡದ ಮೂಲ ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಅನ್ನೋದು ಪರಂಪರೆಯಿಂದ ಬಂದ ಮಾತು, ದಾಖಲೆ ಇಟ್ಕೊಂಡು ಸಾಬೀತು ಮಾಡೋಕಾಗಲ್ಲ, ಆದ್ರೆ ಯೆಮನ್ ಬಿಟ್ರೆ ಕಾಫಿ ಆಗ ಹತ್ತಿರದಲ್ಲಿ ಬೆಳೀತಿದ್ದಿದ್ದು ಈ ಭಾಗದಲ್ಲೇ ಅನ್ನೋದರಿಂದ ಆ ಮಾತಿಗೆ ತೂಕ ಇದೆ. 1711ಕ್ಕೆ ಜಾವಾ ಕಾಫಿ ಆಮ್‌ಸ್ಟರ್‌ಡಾಮ್ ಹರಾಜಿಗೆ ಬಂತು. ಅಲ್ಲಿಂದ ಸುಮಾರು ನೂರೈವತ್ತು ವರ್ಷ ಆದ್ಮೇಲೆ ಅದೇ ಹರಾಜಿನ ಹೆಸರು ಒಂದು ಕಾದಂಬರಿ ಮುಖಪುಟದಲ್ಲಿ ಕೂತ್ಕೊಳ್ತು, ಪೂರ್ತಿ ಹೆಸರು 'ಮಾಕ್ಸ್ ಹಾವೆಲಾರ್, ಅಥವಾ ಡಚ್ ಟ್ರೇಡಿಂಗ್ ಕಂಪನಿಯ ಕಾಫಿ ಹರಾಜುಗಳು'. ಆ ಟ್ರೇಡಿಂಗ್ ಕಂಪನಿನ 1824ರಲ್ಲಿ ರಾಜ ಒಂದನೇ ವಿಲ್ಲೆಮ್ ಶುರು ಮಾಡಿದ್ದು, ಜಾವಾದ ಸರ್ಕಾರಿ ಬೆಳೆನೆಲ್ಲ ತಂದು ಮಾರೋ ಹಕ್ಕು ಅದರದ್ದು.

ದುಡ್ಡಿನ ಲೆಕ್ಕ ನೋಡಿ. 1831ರಿಂದ 1877ರ ತನಕ ಈ ಪದ್ಧತಿಯಿಂದ ಡಚ್ ಖಜಾನೆಗೆ ಹೋದ ನಿವ್ವಳ ಹಣ ಸುಮಾರು 82 ಕೋಟಿ 30 ಲಕ್ಷ ಗಿಲ್ಡರ್ (ಆಗಿನ ಡಚ್ ನಾಣ್ಯ). ನೆದರ್ಲೆಂಡ್ಸಿನ ಸಾಲ ತೀರಿದ್ದು, ತೆರಿಗೆ ಇಳಿದಿದ್ದು, ರೈಲು ಹಳಿ ಬಿದ್ದಿದ್ದು ಎಲ್ಲ ಈ ಹಣದಲ್ಲಿ. 1863ರಲ್ಲಿ ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಗುಲಾಮರ ಒಡೆಯರಿಗೆ ಪರಿಹಾರ ಕೊಟ್ಟಿದ್ದೂ ಇದೇ ಹಣದಿಂದ, ಅಂದ್ರೆ ಭೂಮಿಯ ಒಂದು ಕಡೆ ಬಿಡುಗಡೆ ಆದವರ ಒಡೆಯರಿಗೆ ಇನ್ನೊಂದು ಕಡೆ ಕಡ್ಡಾಯ ದುಡಿಮೆಯಲ್ಲಿದ್ದವರು ದುಡ್ಡು ಕಟ್ಟಿದ್ರು. ಇದನ್ನ ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿದುಹೋಯ್ತು. ಅಕ್ಕಿ ಬೆಳೆಯೋ ಜಾವಾದಲ್ಲೇ 1840ರ ದಶಕದಲ್ಲಿ ಚೆರಿಬಾನ್ ಕಡೆ, ಆಮೇಲೆ 1848ರಿಂದ 1850ರ ಒಳಗೆ ದೆಮಾಕ್ ಮತ್ತು ಗ್ರೋಬೊಗಾನ್‌ನಲ್ಲಿ ಬರಗಾಲ ಬಂದು ಲೆಕ್ಕವಿಲ್ಲದಷ್ಟು ಜನ ಸತ್ರು, ಊರಿಗೆ ಊರೇ ಗುಳೆ ಹೋಯ್ತು.

ಇದರ ಮಧ್ಯೆ 1856ರ ಜನವರಿಯಲ್ಲಿ ಡೆಕ್ಕರ್ ಪಶ್ಚಿಮ ಜಾವಾದ ಬಾಂಟೆನ್ ಪ್ರಾಂತ್ಯದ ಲೆಬಾಕ್ ಜಿಲ್ಲೆಗೆ ಅಸಿಸ್ಟೆಂಟ್ ರೆಸಿಡೆಂಟ್ ಆಗಿ ಬಂದ, ಊರು ರಂಗ್ಕಾಸ್‌ಬಿತುಂಗ್. ಅವನನ್ನ ಅಲ್ಲಿಗೆ ಹಾಕಿದ್ದು ಗವರ್ನರ್ ಜನರಲ್ ಡೌಮಾರ್ ವಾನ್ ಟ್ವಿಸ್ಟ್, ಜನರ ಬಗ್ಗೆ ಕಾಳಜಿ ಇರೋ ಅಧಿಕಾರಿ ಅಂತ ನಂಬಿಯೇ. ಲೆಬಾಕ್ ಬಡ ಜಿಲ್ಲೆ, ಕಾಫಿಗೆ ಹೆಸರಾದ ಜಾಗ ಅಲ್ಲ. ಅಲ್ಲಿನ ಕಷ್ಟ ಬೇರೆ: ವಯಸ್ಸಾದ ರೀಜೆಂಟ್ ಕಾರ್ತಾ ನಾತಾ ನಗರಾ, ದೊಡ್ಡ ಕುಟುಂಬ, ಅಂತಸ್ತಿಗೆ ಸಾಲದ ಆದಾಯ, ಅದನ್ನ ತುಂಬಿಸೋಕೆ ಜನರಿಂದ ಕೂಲಿ ಇಲ್ಲದ ದುಡಿಮೆ, ದುಡ್ಡು ಕೊಡದೆ ಎಮ್ಮೆಗಳನ್ನ ಹಿಡ್ಕೊಳ್ಳೋದು. ಅಳಿಯ ಪಾರಂಗ್ ಕುಜಾಂಗ್ ಅನ್ನೋ ಭಾಗದ ಮುಖ್ಯಸ್ಥ, ಅವನ ಹಾವಳಿ ಇನ್ನೂ ಜಾಸ್ತಿ. ಡೆಕ್ಕರ್‌ಗಿಂತ ಮೊದಲು ಅಲ್ಲಿದ್ದ ಕಾರೊಲುಸ್ ಅನ್ನೋ ಅಧಿಕಾರಿ ಇದನ್ನೆಲ್ಲ ಬರೆದಿಟ್ಟಿದ್ದ, ಕೆಲವೇ ತಿಂಗಳ ಹಿಂದೆ ಸತ್ತಿದ್ದ, ಅವನ ಹೆಂಡತಿಗೆ ಗಂಡನಿಗೆ ವಿಷ ಹಾಕಿದ್ದಾರೆ ಅಂತ ಅನುಮಾನ, ಅದು ಯಾವತ್ತೂ ಸಾಬೀತಾಗಲಿಲ್ಲ. ಆದ್ರೆ ಡೆಕ್ಕರ್ ಅದನ್ನ ನಂಬಿದ.

ಹಳೇ ಕಡತ ಓದಿ, ರಾತ್ರಿ ಹೊತ್ತು ಗುಟ್ಟಾಗಿ ಬಂದು ದೂರು ಹೇಳೋ ಜನರ ಮಾತು ಕೇಳಿ, ಫೆಬ್ರವರಿ 24ಕ್ಕೆ ಆತ ಮೇಲಧಿಕಾರಿ ರೆಸಿಡೆಂಟ್ ಬ್ರೆಸ್ಟ್ ವಾನ್ ಕೆಂಪೆನ್‌ಗೆ ಪತ್ರ ಬರೆದ. ರೀಜೆಂಟ್ ಮೇಲೆ ನೇರ ಆರೋಪ, ತನಿಖೆ ಆಗೋ ತನಕ ಅವನನ್ನ ಜಿಲ್ಲೆಯಿಂದ ದೂರ ಇಡಿ, ಇಲ್ಲಾಂದ್ರೆ ಸಾಕ್ಷಿ ಹೇಳೋ ಧೈರ್ಯ ಯಾರೂ ಮಾಡಲ್ಲ ಅಂತ ಬೇಡಿಕೆ. ಬಂದು ತಿಂಗಳು ಕಳೆದಿದೆ ಅಷ್ಟೇ. ರೆಸಿಡೆಂಟ್ ಓಡಿ ಬಂದ, ಆರೋಪ ವಾಪಸ್ ತಗೋ ಅಂದ, ಡೆಕ್ಕರ್ ಒಪ್ಪಲಿಲ್ಲ. ಜನರನ್ನ ಸುಲಿಗೆಯಿಂದ ಕಾಪಾಡ್ತೀನಿ ಅಂತ ಕೆಲಸಕ್ಕೆ ಸೇರೋವಾಗ ಪ್ರಮಾಣ ಮಾಡಿದೀನಿ, ಆ ಪ್ರಮಾಣ ನಿಜ ತಾನೇ ಅನ್ನೋದು ಅವನ ವಾದ. ಗವರ್ನರ್ ಜನರಲ್ ಅವನ ನಡತೆ ಸರಿಯಿಲ್ಲ ಅಂತ ಖಂಡಿಸಿ ಪೂರ್ವ ಜಾವಾದ ಙಾವಿ ಅನ್ನೋ ಊರಿಗೆ ವರ್ಗ ಮಾಡಿದ. ಡೆಕ್ಕರ್ ರಾಜೀನಾಮೆ ಕೊಟ್ಟ, ಏಪ್ರಿಲ್ ಮೊದಲ ವಾರದಲ್ಲಿ ಅದು ಮಂಜೂರಾಯ್ತು. ಹದಿನೇಳು ವರ್ಷದ ಸರ್ವಿಸು, ಕೈಯಲ್ಲಿ ಪೆನ್ಷನ್ ಇಲ್ಲ, ಹೆಂಡತಿ, ಒಂದು ಮಗು, ಸಾಲ.

ಆತ ಹೋದ್ಮೇಲೆ ಏನಾಯ್ತು ಗೊತ್ತಾ, ತನಿಖೆ ನಡೀತು, ದೂರುಗಳಲ್ಲಿ ಬಹುಪಾಲು ನಿಜ ಅಂತಲೇ ಬಂತು, ಕೆಳಗಿನ ಕೆಲವು ಮುಖ್ಯಸ್ಥರನ್ನ ಕೆಲಸದಿಂದ ತೆಗೆದ್ರು, ರೀಜೆಂಟ್‌ಗೆ ಬುದ್ಧಿಮಾತು ಹೇಳಿ ಅಲ್ಲೇ ಉಳಿಸ್ಕೊಂಡ್ರು. ಅಂದ್ರೆ ಆತ ಹೇಳಿದ್ದು ಸುಳ್ಳು ಅಂತ ಯಾರೂ ಅನ್ನಲಿಲ್ಲ, ಅದನ್ನ ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು ಅಂದ್ರು. ನನ್ನ ಪ್ರಕಾರ ಲೆಬಾಕ್ ಪ್ರಕರಣದ ತಿರುಳು ಇಲ್ಲಿದೆ. ಸತ್ಯ ಗೊತ್ತಿಲ್ಲದ ಸರ್ಕಾರಕ್ಕೆ ಸತ್ಯ ತಿಳಿಸಬಹುದು, ಗೊತ್ತಿದ್ದೂ ಫೈಲಲ್ಲಿ ಮಡಚಿಟ್ಟಿರೋ ಸರ್ಕಾರಕ್ಕೆ ಇನ್ನೊಂದು ಪತ್ರ ಬರೆದು ಏನು ಮಾಡೋದು. ಡೆಕ್ಕರ್‌ಗೆ ಇದು ಅರ್ಥ ಆಗೋಕೆ ಮೂರು ವರ್ಷ ಹಿಡೀತು.

1859ರ ಸೆಪ್ಟೆಂಬರ್, ಅಕ್ಟೋಬರ್. ಬ್ರಸೆಲ್ಸ್‌ನ ಒಂದು ಸಣ್ಣ ಹೋಟೆಲ್ ರೂಮಲ್ಲಿ ದುಡ್ಡಿಲ್ಲದೆ, ಹೆಂಡತಿ ಮಕ್ಕಳನ್ನ ಅಣ್ಣನ ಮನೇಲಿ ಬಿಟ್ಟು, ಒಂದು ತಿಂಗಳ ಆಸುಪಾಸಲ್ಲಿ ಪೂರ್ತಿ ಕಾದಂಬರಿ ಬರೆದ. ಅಕ್ಟೋಬರ್ 13ಕ್ಕೆ ಟೀನೆಗೆ ಪತ್ರ ಹಾಕ್ತಾನೆ, ನನ್ನ ಪುಸ್ತಕ ಮುಗೀತು, ನನ್ನ ಪುಸ್ತಕ ಮುಗೀತು ಅಂತ ಎರಡೆರಡು ಸಲ.

ಪುಸ್ತಕದ ಕಟ್ಟಡವೇ ವಿಚಿತ್ರ, ಆ ಕಾಲಕ್ಕಂತೂ ಯಾರೂ ನೋಡಿರಲಿಲ್ಲ. ಶುರುವಾಗೋದು ಜಾವಾದಲ್ಲಲ್ಲ, ಆಮ್‌ಸ್ಟರ್‌ಡಾಮಲ್ಲಿ, ಬಟಾವುಸ್ ಡ್ರೋಖ್‌ಸ್ಟೊಪೆಲ್ ಅನ್ನೋ ಕಾಫಿ ದಲ್ಲಾಳಿ ಬಾಯಲ್ಲಿ. ನಾನು ಕಾಫಿ ದಲ್ಲಾಳಿ, ಮನೆ ಲೌರಿಯರ್‌ಗ್ರಾಖ್ಟ್ 37ನೇ ನಂಬರ್ ಅಂತ ಮೊದಲ ವಾಕ್ಯ. ಚರ್ಚಿಗೆ ತಪ್ಪದೆ ಹೋಗೋನು, ಕವಿತೆ ಅಂದ್ರೆ ಸುಳ್ಳು ಅನ್ನೋನು, ಜಾವಾದವರು ದುಡೀಲಿ ಅನ್ನೋದು ದೇವರ ಇಚ್ಛೆ ಅಂತ ಮನಸಾರೆ ನಂಬಿರೋನು. ಅವನ ಹಳೇ ಸಹಪಾಠಿ ಒಬ್ಬ ಸಿಗ್ತಾನೆ, ಚಳಿಗೆ ಕೋಟಿಲ್ಲ, ಶಾಲು ಹೊದ್ಕೊಂಡಿರ್ತಾನೆ, ಒಂದು ಕಟ್ಟು ಹಸ್ತಪ್ರತಿ ಕೊಟ್ಟು ಇದನ್ನ ಪ್ರಕಟ ಮಾಡಿಸು ಅಂತಾನೆ. ದಲ್ಲಾಳಿಗೆ ಅದರಲ್ಲಿ ಕಾಫಿ ವ್ಯಾಪಾರದ ಮಾಹಿತಿ ಕಂಡು ಆಸೆಯಾಗತ್ತೆ, ತನ್ನ ಆಫೀಸಲ್ಲಿರೋ ಸ್ಟರ್ನ್ ಅನ್ನೋ ಜರ್ಮನ್ ಹುಡುಗನಿಗೆ ಬರೆಯೋಕೆ ಹಚ್ತಾನೆ. ಆ ಹುಡುಗ ಬರೀತಾ ಹೋದಂಗೆ ಲೆಬಾಕ್ ಕಥೆ ಬಿಚ್ಕೊಳ್ಳತ್ತೆ, ಮಾಕ್ಸ್ ಹಾವೆಲಾರ್ ಅನ್ನೋ ಅಧಿಕಾರಿ ಅಂದ್ರೆ ಡೆಕ್ಕರ್ ತಾನೇ, ಮಧ್ಯ ಮಧ್ಯ ದಲ್ಲಾಳಿ ಬಂದು ಇದೆಲ್ಲ ಯಾಕೆ, ಕಾಫಿ ಎಲ್ಲಿ ಅಂತ ಕೂಗಾಡ್ತಾನೆ. ಈ ಹೆಣಿಗೆಯ ಬಲ ಏನಂದ್ರೆ, ಡಚ್ ಓದುಗ ತನ್ನ ಬೀದಿಯ, ತನ್ನ ಚರ್ಚಿನ ಪಕ್ಕದ ಬೆಂಚಿನ ಮನುಷ್ಯನನ್ನ ಮೊದಲು ನೋಡ್ತಾನೆ, ಆಮೇಲೆ ಅವನ ಕಪ್ಪಿನ ಕಾಫಿ ಎಲ್ಲಿಂದ ಬಂತು ಅಂತ ನೋಡ್ತಾನೆ. ದೂರದ ಕಷ್ಟದ ಕಥೆಯಾಗಿ ಓದಿ ಕಣ್ಣೀರು ಒರೆಸ್ಕೊಂಡು ಮುಗಿಸೋ ಹಾಗಿಲ್ಲ, ಆರೋಪಿ ತನ್ನ ಮನೆಯಲ್ಲೇ ಇದ್ದಾನೆ.

ಇದರೊಳಗೆ ಸೈಜಾ ಮತ್ತು ಅದಿಂಡಾ ಅನ್ನೋ ಹುಡುಗ ಹುಡುಗಿ ಕಥೆ ಬರತ್ತೆ, ಪುಸ್ತಕ ಪೂರ್ತಿ ಓದದವರಿಗೂ ಇದು ಗೊತ್ತಿರತ್ತೆ. ಸೈಜಾನ ಅಪ್ಪನ ಎಮ್ಮೆನ ಮುಖ್ಯಸ್ಥನ ಕಡೆಯವರು ಹೊಡ್ಕೊಂಡು ಹೋಗ್ತಾರೆ, ಮನೆತನದ ಕಠಾರಿ ಮಾರಿ ಇನ್ನೊಂದು ತರ್ತಾನೆ, ಅದೂ ಹೋಗತ್ತೆ, ಮತ್ತೊಂದು, ಅದೂ. ಅದರಲ್ಲಿ ಒಂದು ಎಮ್ಮೆ ಹುಲಿಯಿಂದ ಸೈಜಾನ ಪ್ರಾಣ ಉಳಿಸಿರತ್ತೆ, ಅದನ್ನೂ ಬಿಡಲ್ಲ. ಅಮ್ಮ ಕೊರಗಿ ಸಾಯ್ತಾಳೆ, ಅಪ್ಪ ಕಂದಾಯದ ಭಯಕ್ಕೆ ಊರು ಬಿಟ್ಟು ಓಡ್ತಾನೆ. ಸೈಜಾ ಎಮ್ಮೆ ಕೊಳ್ಳೋ ದುಡ್ಡು ಸಂಪಾದಿಸೋಕೆ ಬಟಾವಿಯಾಕ್ಕೆ ಹೋಗ್ತಾನೆ, ಮೂರು ವರ್ಷ ಆದ್ಮೇಲೆ ಬರ್ತೀನಿ ಅಂತ ಅದಿಂಡಾಗೆ ಹೇಳಿರ್ತಾನೆ, ಅವಳು ಭತ್ತ ಕುಟ್ಟೋ ಒರಳಲ್ಲಿ ಒಂದೊಂದು ಅಮಾವಾಸ್ಯೆಗೂ ಒಂದೊಂದು ಗೀರು ಹಾಕ್ತಾ ಕಾಯ್ತಾಳೆ. ಅವನು ವಾಪಸ್ ಬಂದಾಗ ಅವಳ ಮನೆಯೇ ಇಲ್ಲ, ಅವರ ಎಮ್ಮೆನೂ ಹೋಗಿ, ಎಲ್ಲರೂ ಸುಮಾತ್ರಾದ ಲಾಂಪುಂಗ್‌ಗೆ ಓಡಿಹೋಗಿ ಬಂಡಾಯಗಾರರ ಜೊತೆ ಸೇರಿರ್ತಾರೆ. ಅಲ್ಲಿಗೆ ಹುಡುಕ್ಕೊಂಡು ಹೋದ್ರೆ ಡಚ್ ಸೈನ್ಯ ಆಗಷ್ಟೇ ಗೆದ್ದು ಸುಟ್ಟ ಹಳ್ಳಿ, ಅದರಲ್ಲಿ ಅದಿಂಡಾಳ ಹೆಣ. ಸೈಜಾ ಸೈನಿಕರ ಬಯೊನೆಟ್ ಮೇಲೆ ತಾನೇ ಹೋಗಿ ಬೀಳ್ತಾನೆ. ಮುಲ್ತಾತುಲಿ ಆಮೇಲೆ ಹೇಳ್ತಾನೆ, ಸೈಜಾ ಅದಿಂಡಾ ಅನ್ನೋರು ಇದ್ರೋ ಇಲ್ವೋ ನನಗೆ ಗೊತ್ತಿಲ್ಲ, ಆದ್ರೆ ಎಮ್ಮೆ ಕಳ್ಕೊಂಡವರ ಪಟ್ಟಿ ನನ್ನ ಹತ್ರ ಇದೆ ಅಂತ. ಒಂದು ಪ್ರೇಮಕಥೆ ಪಕ್ಕದಲ್ಲಿ ಸರ್ಕಾರಿ ದೂರಿನ ಪಟ್ಟಿ ಇಟ್ಟು ಎರಡನ್ನೂ ಒಟ್ಟಿಗೆ ಓದಿಸಿದ ಧೈರ್ಯ ಅದು.

ಕೊನೆ ಪುಟಗಳಲ್ಲಿ ಲೇಖಕ ತಾನೇ ಎದ್ದು ಬರ್ತಾನೆ, ಸ್ಟರ್ನ್‌ನ ಸಾಕು ಹೋಗು ಅಂತಾನೆ, ದಲ್ಲಾಳಿನ ಓಡಿಸ್ತಾನೆ. ಸಮುದ್ರದ ದಡದಲ್ಲಿ ಒಂದು ದರೋಡೆಕೋರ ರಾಜ್ಯ ಇದೆ ಅಂತ ತನ್ನ ದೇಶದ ಬಗ್ಗೆ ಹೇಳ್ತಾನೆ. ನೀವು ಕೇಳದಿದ್ರೆ ಈ ಪುಸ್ತಕನ ಯುರೋಪಿನ ಭಾಷೆಗಳಿಗೂ, ಮಲಯ, ಜಾವಾ, ಸುಂದಾ ಭಾಷೆಗಳಿಗೂ ಅನುವಾದ ಮಾಡ್ತೀನಿ, ಕತ್ತಿ ಮಸೆಯೋ ಹಾಡು ಬರೀತೀನಿ ಅಂತ ಬೆದರಿಸ್ತಾನೆ. ಆಮೇಲೆ ರಾಜ ಮೂರನೇ ವಿಲ್ಲೆಮ್‌ಗೆ ನೇರ ಪ್ರಶ್ನೆ: ಅಲ್ಲಿ ನಿಮ್ಮ ಮೂರು ಕೋಟಿಗೂ ಹೆಚ್ಚು ಪ್ರಜೆಗಳನ್ನ ನಿಮ್ಮ ಹೆಸರಲ್ಲೇ ಹಿಂಸೆ ಮಾಡ್ತಿದ್ದಾರಲ್ಲ, ಇದು ನಿಮ್ಮ ಇಚ್ಛೆಯೇ? ಗಮನಿಸಿ, ಅಷ್ಟೆಲ್ಲ ಬೆಂಕಿ ಉಗುಳಿದ ಮೇಲೂ ಅಹವಾಲು ಸಲ್ಲಿಸೋದು ರಾಜನಿಗೇ. ರಾಜ ಒಳ್ಳೆಯವನು, ನಡುವಿನ ಅಧಿಕಾರಿಗಳು ಕೆಟ್ಟವರು ಅನ್ನೋ ನಂಬಿಕೆ ಇನ್ನೂ ಉಳಿದಿದೆ.

ಪ್ರಕಟಣೆ ಕಥೆ ಬೇಸರದ್ದು. ಹಸ್ತಪ್ರತಿ ಯಾಕೋಬ್ ವಾನ್ ಲೆನೆಪ್ ಅನ್ನೋ ಹೆಸರುವಾಸಿ ಸಾಹಿತಿ, ವಕೀಲನ ಕೈಗೆ ಹೋಯ್ತು, ಓದಿ ಮೆಚ್ಚಿದ, ಆದ್ರೆ ರಾಜಕೀಯದಲ್ಲಿ ಸಂಪ್ರದಾಯವಾದಿ. ಊರಿನ ಹೆಸರುಗಳನ್ನ ತೆಗೆದು ಚುಕ್ಕಿ ಹಾಕಿದ, ಇಸವಿಗಳನ್ನ ಮುಚ್ಚಿದ, ಬೆಲೆ ನಾಲ್ಕು ಗಿಲ್ಡರ್ ಇಟ್ಟ, ಬಡವರ ಕೈಗೆ ಹೋಗದ ಹಾಗೆ. ಹಕ್ಕುಸ್ವಾಮ್ಯದ ಕಾಗದಕ್ಕೆ ಡೆಕ್ಕರ್ ಮೊದಲೇ ಸಹಿ ಹಾಕಿಬಿಟ್ಟಿದ್ದ. ಕೋರ್ಟಿಗೆ ಹೋದ, ಸೋತ. 1875ರಲ್ಲಿ ಮಾತ್ರ ಊರಿನ ಹೆಸರುಗಳನ್ನ ವಾಪಸ್ ಹಾಕಿ, ತನ್ನ ಟಿಪ್ಪಣಿ ಸೇರಿಸಿ ಆವೃತ್ತಿ ತರೋಕಾಯ್ತು.

ಇನ್ನೊಂದು ವಿಷಯನ ಮುಚ್ಚಿಡೋದು ಸರಿಯಲ್ಲ. ಪುಸ್ತಕ ಪ್ರಿಂಟ್ ಆಗೋ ಮೊದಲು ವಾನ್ ಲೆನೆಪ್ ಮೂಲಕ ವಸಾಹತು ಮಂತ್ರಿ ರೊಖುಸೆನ್ ಜೊತೆ ಮಾತುಕತೆ ನಡೀತು, ಪ್ರಕಟಿಸದೆ ಇರೋಕೆ ಏನು ಬೇಕು ಅಂತ. ಡೆಕ್ಕರ್ ಕೇಳಿದ್ದು: ಜಾವಾದಲ್ಲಿ ರೆಸಿಡೆಂಟ್ ಹುದ್ದೆ, ಅದೂ ಪಸುರುವಾನ್‌ನಲ್ಲಿ ಆಗಬೇಕು, ಪೆನ್ಷನ್‌ಗೆ ಹಳೇ ಸರ್ವಿಸ್ ಸೇರಿಸಬೇಕು, ದೊಡ್ಡ ಮುಂಗಡ ಬೇಕು, ಮೇಲೆ ಒಂದು ರಾಜ ಪದಕ. ಮಂತ್ರಿ ಜಾವಾ ಬಿಟ್ಟು ವೆಸ್ಟ್ ಇಂಡೀಸ್ ಕಡೆ ಕೆಲಸ ಕೊಡ್ತೀನಿ ಅಂದ, ಡೆಕ್ಕರ್ ಬೇಡ ಅಂದ, ಪುಸ್ತಕ ಹೊರಗೆ ಬಂತು. ಇದನ್ನ ಹಿಡ್ಕೊಂಡು ಇವನು ಬರೀ ಕೆಲಸ ಕಳ್ಕೊಂಡ ಸಿಟ್ಟಿಗೆ ಬರೆದ ಅನ್ನೋರು ಆಗಲೂ ಇದ್ರು, ಈಗಲೂ ಇದ್ದಾರೆ. ನನಗೆ ಹಾಗನ್ಸಲ್ಲ. ರೆಸಿಡೆಂಟ್ ಆಗಿ, ಪದಕ ಹಾಕ್ಕೊಂಡು ವಾಪಸ್ ಹೋಗೋದು ಅಂದ್ರೆ ನಾನು ಹೇಳಿದ್ದು ಸರಿ ಅಂತ ಸರ್ಕಾರವೇ ಒಪ್ಪಿದ ಹಾಗೆ, ಅದು ಆತನಿಗೆ ಬೇಕಿತ್ತು. ಅಹಂಕಾರ ಇತ್ತು, ಹಸಿವೂ ಇತ್ತು, ನ್ಯಾಯದ ಹಂಬಲವೂ ಇತ್ತು, ಒಂದೇ ಮನುಷ್ಯನಲ್ಲಿ.

ಪುಸ್ತಕ ಬಂದ ಕೆಲವೇ ತಿಂಗಳಿಗೆ, ಜಾವಾದಲ್ಲಿ ಪಾದ್ರಿ ಆಗಿದ್ದು ಆಮೇಲೆ ಸಂಸದನಾದ ವಾನ್ ಹೂವೆಲ್, ಈ ಪುಸ್ತಕದಿಂದ ದೇಶದಲ್ಲಿ ಒಂದು ನಡುಕ ಹುಟ್ಟಿದೆ ಅಂತ ಪಾರ್ಲಿಮೆಂಟಲ್ಲಿ ಹೇಳಿದ. ಅದೇ 1860ರಲ್ಲಿ ನಮ್ಮ ಬಂಗಾಳದಲ್ಲಿ ದೀನಬಂಧು ಮಿತ್ರ ನೀಲಿ ತೋಟದ ಸುಲಿಗೆ ಬಗ್ಗೆ 'ನೀಲ್ ದರ್ಪಣ್' ನಾಟಕ ಪ್ರಕಟಿಸಿದ್ರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎರಡು ಸಾಮ್ರಾಜ್ಯಗಳಲ್ಲಿ ಒಂದೇ ಮಾತು. ಆದ್ರೆ ನೆದರ್ಲೆಂಡ್ಸಲ್ಲಿ ಆ ನಡುಕದ ಲಾಭ ಪಡೆದವರು ಉದಾರವಾದಿ ರಾಜಕಾರಣಿಗಳು ಮತ್ತು ಖಾಸಗಿ ಬಂಡವಾಳದವರು. ಸರ್ಕಾರಿ ಕಡ್ಡಾಯ ಬೆಳೆ ತಪ್ಪು, ಹಾಗಾಗಿ ಜಾವಾನ ಖಾಸಗಿ ತೋಟಗಳಿಗೆ ತೆರೆದುಬಿಡಿ ಅನ್ನೋದು ಅವರ ವಾದ. ಮುಲ್ತಾತುಲಿಗೆ ಇದು ಕೆಂಡ ಮುಟ್ಟಿದ ಹಾಗಾಯ್ತು, 1862ರಲ್ಲೇ ಮುಕ್ತ ದುಡಿಮೆ ಬಗ್ಗೆ ಒಂದು ಕಿರುಹೊತ್ತಗೆ ಬರೆದು, ಸುಲಿಗೆ ಮಾಡೋನು ಸರ್ಕಾರವಾದ್ರೇನು ಖಾಸಗಿಯವನಾದ್ರೇನು ಅನ್ನೋ ಅರ್ಥದಲ್ಲಿ ಎರಡು ಪಕ್ಷಕ್ಕೂ ಬೈದ. 1870ರಲ್ಲಿ ಕೃಷಿ ಕಾನೂನು, ಸಕ್ಕರೆ ಕಾನೂನು ಬಂದು ಕಡ್ಡಾಯ ಪದ್ಧತಿ ಹಂತಹಂತವಾಗಿ ಇಳೀತು, ಕಾಫಿಯಲ್ಲಿ ಮಾತ್ರ ಇಪ್ಪತ್ತನೇ ಶತಮಾನದ ತನಕ ಎಳೀತು. ಜಾಗ ತುಂಬಿದ್ದು ಖಾಸಗಿ ಪ್ಲಾಂಟೇಷನ್ ಕಂಪನಿಗಳು. ಪುಸ್ತಕ ಒಂದರಿಂದಲೇ ಇದಾಯ್ತು ಅಂತ ಹೇಳೋಕೆ ಬರಲ್ಲ, ಬಂಡವಾಳದ ಒತ್ತಡ ದೊಡ್ಡದಿತ್ತು, ಆದ್ರೆ ಹಳೇ ಪದ್ಧತಿ ಒಳ್ಳೇದು ಅಂತ ಎದೆ ತಟ್ಟಿ ಹೇಳೋ ನೈತಿಕ ಧೈರ್ಯ ಹೋಗಿದ್ದು ಈ ಪುಸ್ತಕದಿಂದ.

ಮೂವತ್ತು ನಲವತ್ತು ವರ್ಷ ಆದ್ಮೇಲೆ ಇದನ್ನ ಓದಿ ಬೆಳೆದ ತಲೆಮಾರು ಅಧಿಕಾರಕ್ಕೆ ಬಂತು. 1899ರಲ್ಲಿ ವಾನ್ ಡೆವೆಂಟರ್ ಅನ್ನೋ ವಕೀಲ, ಇಂಡೀಸ್‌ಗೆ (ಈಗಿನ ಇಂಡೋನೇಷ್ಯಾ ಆಗಿರೋ ಡಚ್ ವಸಾಹತಿಗೆ) ನಾವು ಮರ್ಯಾದೆಯ ಸಾಲ ತೀರಿಸಬೇಕು ಅಂತ ಬರೆದ, 1901ರಲ್ಲಿ ರಾಣಿ ವಿಲ್ಹೆಲ್ಮಿನಾ ಭಾಷಣದಲ್ಲಿ ನೈತಿಕ ಕರ್ತವ್ಯದ ಮಾತು ಬಂತು. ಎಥಿಕಲ್ ಪಾಲಿಸಿ ಅಂತಾರೆ. ನೀರಾವರಿ, ಶಾಲೆ. ಶಾಲೆಗಳು ಕಡಿಮೆಯೇ, ಆದ್ರೆ ಅಲ್ಲಿ ಡಚ್ ಕಲಿತ ಜಾವಾ ಹುಡುಗ ಹುಡುಗೀರ ಕೈಗೆ ಮಾಕ್ಸ್ ಹಾವೆಲಾರ್ ಸಿಕ್ತು, ಪ್ರಮುದ್ಯ ಅವರ ವಾದ ನಿಂತಿರೋದು ಇಲ್ಲೇ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಹೋರಾಡಿದ ಕಾರ್ತಿನಿ, ಆಕೆ ಸ್ವತಃ ಒಬ್ಬ ರೀಜೆಂಟ್‌ನ ಮಗಳು, ಮುಲ್ತಾತುಲಿ ಅಂದ್ರೆ ತನಗೆ ತುಂಬಾ ಇಷ್ಟ ಅಂತ ಡಚ್ ಗೆಳತಿಗೆ ಪತ್ರದಲ್ಲಿ ಬರೀತಾಳೆ. 1912ರಲ್ಲಿ ಇಂಡೀಸ್ ಇಂಡೀಸಿನವರದ್ದು ಅಂತ ಹೇಳಿದ ಪಕ್ಷ ಕಟ್ಟಿದ ಮೂವರಲ್ಲಿ ಒಬ್ಬ ಎರ್ನೆಸ್ಟ್ ಡೌವೆಸ್ ಡೆಕ್ಕರ್, ಮುಲ್ತಾತುಲಿಯ ಅಣ್ಣನ ಮೊಮ್ಮಗ, ಹುಟ್ಟಿದ್ದು ಪಸುರುವಾನ್‌ನಲ್ಲಿ, ದೊಡ್ಡಜ್ಜ ರೆಸಿಡೆಂಟ್ ಆಗಬೇಕು ಅಂತ ಕೇಳಿದ ಅದೇ ಊರಲ್ಲಿ. ಡಚ್ಚರು ಅವನನ್ನ 1913ರಲ್ಲಿ ಗಡೀಪಾರು ಮಾಡಿದ್ರು, ಎರಡನೇ ಮಹಾಯುದ್ಧದಲ್ಲಿ ಸುರಿನಾಮ್‌ಗೆ ಸಾಗಿಸಿ ಕೂಡಿಹಾಕಿದ್ರು, ಆತ ಆಮೇಲೆ ಸೆತಿಯಾಬುಡಿ ಅಂತ ಹೆಸರಿಟ್ಕೊಂಡು ಸ್ವತಂತ್ರ ಇಂಡೋನೇಷ್ಯಾದ ಪ್ರಜೆಯಾಗಿ 1950ರಲ್ಲಿ ತೀರ್ಕೊಂಡ. ಅಜ್ಜ ಕೇಳಿದ್ದು ಒಳ್ಳೆ ಆಡಳಿತ, ಮೊಮ್ಮಗನ ಪೀಳಿಗೆ ಕೇಳಿದ್ದು ನೀವು ಯಾಕೆ ಆಳ್ತೀರಿ ಅಂತ. ಮೊದಲ ಪ್ರಶ್ನೆಗೆ ಐವತ್ತು ವರ್ಷ ಸರಿಯಾದ ಉತ್ತರ ಸಿಗದೇ ಇದ್ದಿದ್ದರಿಂದಲೇ ಎರಡನೇದು ಹುಟ್ತು ಅಂತ ನಾನು ಓದ್ಕೊಳ್ತೀನಿ.

ಟೀಕೆ ಇಲ್ಲ ಅಂತಲ್ಲ. ಜಾವಾದಲ್ಲೇ ಹುಟ್ಟಿ ಬೆಳೆದ ಡಚ್ ವಿಮರ್ಶಕ ರಾಬ್ ನ್ಯೂವೆನ್‌ಹೌಸ್, ಡೆಕ್ಕರ್‌ಗೆ ಜಾವಾ ಸಮಾಜದ ಕಟ್ಟುಪಾಡು ಅರ್ಥ ಆಗಿರಲಿಲ್ಲ, ಊರಿನ ಹಬ್ಬಕ್ಕೆ ದೊರೆ ಮನೇಲಿ ದುಡಿಯೋದು, ಕಾಣಿಕೆ ಕೊಡೋದು ಅಲ್ಲಿನ ಪದ್ಧತಿ, ಅದನ್ನ ಯುರೋಪಿನ ಕಾನೂನಿನ ಕಣ್ಣಲ್ಲಿ ನೋಡಿ ಕಳ್ಳತನ ಅಂದ ಅಂತ ವಾದಿಸಿದ. ಸ್ವಲ್ಪ ಸರಿಯೇ, ಆತ ಅಲ್ಲಿದ್ದಿದ್ದು ಸುಮಾರು ಮೂರು ತಿಂಗಳು ಮಾತ್ರ. ಆದ್ರೆ ಪದ್ಧತಿ ಅನ್ನೋ ಮಾತು ಯಾರ ಬಾಯಿಂದ ಬರ್ತಿದೆ ಅಂತಾನೂ ಕೇಳಬೇಕಲ್ವಾ, ಎಮ್ಮೆ ಕಳ್ಕೊಂಡವನು ಅದನ್ನ ಪದ್ಧತಿ ಅಂತ ಒಪ್ಕೊಂಡಿದ್ರೆ ಕತ್ತಲಲ್ಲಿ ಯಾಕೆ ದೂರು ಹೇಳೋಕೆ ಬರ್ತಿದ್ದ. ಇದಕ್ಕಿಂತ ಗಟ್ಟಿಯಾದ ಟೀಕೆ ಇನ್ನೊಂದಿದೆ: ಕಥೆಯಲ್ಲಿ ಕಣ್ಣಿಗೆ ಕಾಣೋ ಖಳರು ಜಾವಾದವರು, ಕಾಪಾಡೋಕೆ ಬರೋನು ಬಿಳಿಯ. 1976ರಲ್ಲಿ ಸಿನಿಮಾ ಆದಾಗ ಇಂಡೋನೇಷ್ಯಾ ಸರ್ಕಾರ ಅದನ್ನ 1987ರ ತನಕ ತೋರಿಸೋಕೆ ಬಿಡದೇ ಇದ್ದಿದ್ದಕ್ಕೆ ಇದೂ ಒಂದು ಕಾರಣ.

ಆತನ ಉಳಿದ ಬದುಕು ಸುಖವಾಗಿರಲಿಲ್ಲ. 'ಐಡಿಯಾಗಳು' ಅಂತ ಏಳು ಸಂಪುಟ ಬರೆದ, ಧರ್ಮ, ಹೆಣ್ಣುಮಕ್ಕಳ ಓದು, ಪಾರ್ಲಿಮೆಂಟು, ಎಲ್ಲದರ ಬಗ್ಗೆ. ಜೂಜಿನ ಹುಚ್ಚು ಬಿಡಲಿಲ್ಲ. ಎಲ್ಲ ಸಹಿಸಿದ ಟೀನೆ 1874ರಲ್ಲಿ ವೆನಿಸ್‌ನಲ್ಲಿ ಅವನಿಂದ ದೂರವೇ ಸತ್ತಳು, ಆಕೆಯ ಸಹನೆ ಬಗ್ಗೆ ಬೇರೆಯೇ ಪುಸ್ತಕ ಬರೀಬಹುದು. ಆತ 1887ರ ಫೆಬ್ರವರಿ 19ಕ್ಕೆ ಜರ್ಮನಿಯ ನೀಡರ್ ಇಂಗೆಲ್‌ಹೈಮ್‌ನಲ್ಲಿ ತೀರ್ಕೊಂಡ. ಸತ್ತು ನೂರು ವರ್ಷ ಆದ್ಮೇಲೆ, 1988ರಲ್ಲಿ, ಮೆಕ್ಸಿಕೋದ ಸಣ್ಣ ಕಾಫಿ ಬೆಳೆಗಾರರಿಗೆ ನ್ಯಾಯದ ಬೆಲೆ ಕೊಡಿಸೋಕೆ ನೆದರ್ಲೆಂಡ್ಸಲ್ಲಿ ಒಂದು ಮುದ್ರೆ ಶುರುವಾಯ್ತು, ಹೆಸರು ಮಾಕ್ಸ್ ಹಾವೆಲಾರ್, ಈಗ ಅಂಗಡಿಗಳಲ್ಲಿ ಕಾಣೋ ಫೇರ್‌ಟ್ರೇಡ್ ಗುರುತಿನ ಮೂಲ ಅದೇ. 2018ರಲ್ಲಿ ರಂಗ್ಕಾಸ್‌ಬಿತುಂಗ್‌ನಲ್ಲೇ ಮುಲ್ತಾತುಲಿ ಮ್ಯೂಸಿಯಂ ತೆರೀತು.

ಓದಬೇಕು ಅನ್ಸಿದ್ರೆ ಇಂಗ್ಲಿಷಲ್ಲಿ ಮೊದಲ ಅನುವಾದ 1868ರದ್ದು, ಹಳೇ ಭಾಷೆ. 2019ರಲ್ಲಿ ಇನಾ ರಿಲ್ಕೆ ಮತ್ತು ಡೇವಿಡ್ ಮಕೇ ಮಾಡಿರೋದು ಸಲೀಸಾಗಿ ಓದಿಸ್ಕೊಂಡು ಹೋಗತ್ತೆ, ಅದರಿಂದ ಶುರು ಮಾಡಿ. ಮೊದಲ ಕೆಲವು ಅಧ್ಯಾಯ ಕಾಫಿ ದಲ್ಲಾಳಿಯ ಗೊಣಗಾಟವೇ ತುಂಬಿರತ್ತೆ, ಜಾವಾ ಎಲ್ಲಿ ಅಂತ ಬೇಜಾರಾಗಿ ಮುಚ್ಚಿಡಬೇಡಿ, ಹಾರಿಸಿ ಸೈಜಾ ಕಥೆಗೂ ಹೋಗಬೇಡಿ. ಆ ದಲ್ಲಾಳಿ ಮಾತು ಚೆನ್ನಾಗಿ ಕಿವಿಗೆ ಬಿದ್ದಿದ್ರೆ ಮಾತ್ರ ಲೆಬಾಕ್‌ನ ಅಧ್ಯಾಯಗಳು ಏನು ಮಾಡ್ತಿವೆ ಅಂತ ಗೊತ್ತಾಗತ್ತೆ. ಹಾವೆಲಾರ್ ಬಂದ ಮೊದಲ ದಿನಗಳಲ್ಲಿ ಲೆಬಾಕ್‌ನ ಮುಖ್ಯಸ್ಥರನ್ನೆಲ್ಲ ಸೇರಿಸಿ ಮಾಡೋ ಭಾಷಣ ಒಂದಿದೆ, ಅದನ್ನ ಜೋರಾಗಿ ಓದಿ.